ಹಾಲಿನ ಲೋಟ ಹಿಡಿದು ಓಡುವುದನ್ನು ಬೇಗ ನಿಲ್ಲಿಸಿಬಿಟ್ಟೆ

ಮಗಳಿಗೆ ಎರಡು ವರ್ಷ ಇದ್ದಾಗ ಹಾಲಿನ ಲೋಟ ಹಿಡಿದು ಮನೆಯೆಲ್ಲಾ ಅವಳ ಹಿಂದೆ ಓಡುತ್ತಿದ್ದೆ. ಈಗ ಅವಳಿಗೆ ಹನ್ನೊಂದು. ಹೋದ ತಿಂಗಳು ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಇಡೀ ದಿನದಲ್ಲಿ ಅವಳು ತಿಂದಿದ್ದ ಹಾಲು, ಮೊಸರು ಎಲ್ಲಾ ಸೇರಿ ಎರಡು ಚಮಚ ಮೊಸರು. ಅದರಲ್ಲೂ ಅರ್ಧ ತಟ್ಟೆಯ ಅಂಚಿನಲ್ಲೇ ಒಣಗಿತ್ತು. ತುಂಬಾ ಬೇಜಾರಾಯಿತು.

ಯಾಕೆಂದರೆ ಹಾಲು, ಮೊಸರಿನಿಂದ ಮೂಳೆಗೆ ಸಿಗುವ ಕ್ಯಾಲ್ಸಿಯಂ ಜಾಸ್ತಿ ಬೇಕಾಗುವುದೇ ಈ ವಯಸ್ಸಿನಲ್ಲಿ. ಅಮೆರಿಕದ ಶಿಫಾರಸಿನ ಪ್ರಕಾರ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 700 ಮಿಲಿಗ್ರಾಂ ಬೇಕು. 9ರಿಂದ 18ರವರೆಗೆ 1300. 250 ಮಿಲಿ ಹಾಲಿನಲ್ಲಿ ಸಿಗುವುದು ಸುಮಾರು 300. ಮೈ ಸರಸರ ಬೆಳೆಯುವ ಹೊತ್ತಿಗೇ ನಾವು "ದೊಡ್ಡವಳಾದಳು, ಅವಳೇ ತಿಂತಾಳೆ" ಎಂದು ಕೈಬಿಡುತ್ತೇವೆ. ಮೂಳೆ ಗಟ್ಟಿಯಾಗುವ ಕೆಲಸ ಬಹುಪಾಲು ಇಪ್ಪತ್ತರ ಒಳಗೇ ಮುಗಿದುಹೋಗುತ್ತದೆ.

"ರಕ್ತ ಪರೀಕ್ಷೆ ಮಾಡಿಸಿದ್ವಿ, ಕ್ಯಾಲ್ಸಿಯಂ ನಾರ್ಮಲ್ ಇದೆ" ಎನ್ನುವವರಿದ್ದಾರೆ. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದವಳೇ. ಆದರೆ ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಇರುವುದು ಮೂಳೆ, ಹಲ್ಲುಗಳಲ್ಲಿ. ರಕ್ತದಲ್ಲಿರುವುದು ಚೂರೇ ಚೂರು. ಆ ಚೂರು ಇಲ್ಲದಿದ್ದರೆ ಎದೆ ಸರಿಯಾಗಿ ಬಡಿಯುವುದಿಲ್ಲ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಅದು ಕಡಿಮೆಯಾಗಲು ದೇಹ ಸುಲಭಕ್ಕೆ ಬಿಡುವುದಿಲ್ಲ. ಊಟದಿಂದ ಬರದಿದ್ದರೆ ಮೂಳೆಯಿಂದ ತೆಗೆದು ರಕ್ತಕ್ಕೆ ಹಾಕುತ್ತದೆ. ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಸೊರಗುವುದು ಮೂಳೆ. ಅದಕ್ಕೆ ನೋವೂ ಇಲ್ಲ, ಜ್ವರವೂ ಇಲ್ಲ. ನಮಗೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಇನ್ನೊಂದು ಮಾತು. ತಿಂದದ್ದೆಲ್ಲಾ ಮೈಗೆ ಹತ್ತುವುದಿಲ್ಲ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ನಿಜ. ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರುವುದು ತೀರಾ ಕಡಿಮೆ. ವಿಟಮಿನ್ ಡಿ ಇಲ್ಲದಿದ್ದರೆ ಹಾಲಿನ ಕ್ಯಾಲ್ಸಿಯಂ ಕೂಡ ಮೈಗೆ ಸೇರುವುದು ಅರೆಬರೆ. ಆ ವಿಟಮಿನ್ ಬಿಸಿಲಿನಿಂದ ಮೈಯಲ್ಲಿ ತಯಾರಾಗುತ್ತದೆ, ಹಾಗಾಗಿ ಬಿಸಿಲು ಬೇಕು. ಓಡಬೇಕು, ಜಿಗಿಯಬೇಕು, ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ಸಂಜೆಯ ಆಟ ತಪ್ಪಿಸಿ ಟ್ಯೂಷನ್‌ಗೆ ಕೂರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಂತ ನೀವೇ ಮಾತ್ರೆ ತಂದು ಕೊಡಬೇಡಿ, ಡಾಕ್ಟರನ್ನು ಕೇಳಿ. ಪುಟ್ಟ ಮಕ್ಕಳಿಗೆ ದಿನವಿಡೀ ಹಾಲೇ ಕುಡಿಸುವುದೂ ತಪ್ಪು. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಊಟ ಸೇರುವುದಿಲ್ಲ, ಕಬ್ಬಿಣಾಂಶ ಕಡಿಮೆಯಾಗುತ್ತದೆ.

ನಮ್ಮ ಮನೆಯಲ್ಲಿ ಹಾಲಿನ ಜಗಳ ಬಿಟ್ಟಿದ್ದೇನೆ. ಅವಳಿಗೆ ಹಾಲಿನ ಕೆನೆ ಕಂಡರೇ ಆಗುವುದಿಲ್ಲ. ಗಟ್ಟಿ ಮೊಸರು ಇಷ್ಟ. ಶಾಲೆಯಿಂದ ಬಂದ ತಕ್ಷಣ ಒಂದು ಬಟ್ಟಲು, ರಾತ್ರಿ ಊಟಕ್ಕೆ ಇನ್ನೊಂದು. ನಡುವೆ ಪನೀರ್, ಹುರಿದ ಎಳ್ಳು. ನಿನ್ನೆ ಬಟ್ಟಲನ್ನು ಬೆರಳಲ್ಲೇ ಬಳಿದು ತಿಂದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.