ಗ್ಯಾಸ್ ತೀರ್ನು, ಮಾಷೇ

ನಮ್ಮ ಕಾಸರಗೋಡಿನ ಕುಂಬಳೆಯ ಮೇ ತಿಂಗಳ ಸೆಕೆ ಹೇಗೆಂದರೆ, ಸ್ನಾನ ಮಾಡಿ ಮೈ ಒರೆಸುವುದರೊಳಗೆ ಮತ್ತೊಂದು ಸ್ನಾನ ಆಗಿರುತ್ತದೆ. ಅಂಥ ದಿನವೇ ನೋಡಿಕೊಂಡು ನಮ್ಮ ಒಂದೂವರೆ ಟನ್ನಿನ ಏಸಿ ತಂಪು ನಿಲ್ಲಿಸಿ, ನನ್ನ ದಿಂಬಿನ ಮೇಲೆ ತೊಟ್ಟಿಕ್ಕತೊಡಗಿತು.

ಪೇಟೆಯಿಂದ ಬಂದ ಹುಡುಗ ಏಣಿ ಹತ್ತುವ ಮೊದಲೇ ತೀರ್ಪು ಕೊಟ್ಟ: "ಗ್ಯಾಸ್ ತೀರ್ನು, ಮಾಷೇ." ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೂ ಈ ಮಲಯಾಳ ಚೆನ್ನಾಗಿಯೇ ಅರ್ಥವಾಯಿತು. ಅಡುಗೆಮನೆಯಲ್ಲೂ ತೀರುತ್ತದೆ, ಅಲ್ವಾ? 2,500 ರೂಪಾಯಿ ಕೊಟ್ಟೆ. 11 ದಿನ ತಂಪಿತ್ತು. ತೊಟ್ಟಿಕ್ಕುವುದು ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಟೆಕ್ಸಾಸಿನಲ್ಲಿರುವ ತಂಗಿಯ ಮಗ ಫೋನಿನಲ್ಲಿ ಬೈದ. "ಮಾವ, ಲೈಸೆನ್ಸ್ ಕೇಳಿದ್ರಾ? ಇಲ್ಲಿ ಏಸಿ ಕಂಟ್ರಾಕ್ಟರಿಗೆ ರಾಜ್ಯದ ಲೈಸೆನ್ಸ್ ಬೇಕು. ಆ ನಂಬರು ವ್ಯಾನಿನ ಮೇಲೂ ಇರ್ಬೇಕು. ಸುಮ್ನೆ ಯಾರನ್ನೋ ಕರೀಬೇಡಿ."

ಮುಂದಿನ ಸಲ ಬಂದವರು ಬದಿಯಡ್ಕದವರು. ಐವತ್ತು ದಾಟಿದ ಆಸಾಮಿ, ಸ್ಕೂಟರಿನಲ್ಲಿ. ಅಂಗಳದಲ್ಲೇ ತಡೆದು ಲೈಸೆನ್ಸ್ ಕೇಳಿದೆ.

"ವಯರಿಂಗಿನ ಪರ್ಮಿಟ್ ಉಂಟು ಮಾಷ್ಟ್ರೇ. ಏಸಿಯದ್ದು ನನಗೆ ಯಾರು ಕೊಡುವುದು?"

ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು, ಅವರ ಪಾಠ ಶುರುವಾಯಿತು. ಏಸಿಯ ಗ್ಯಾಸ್ ಒಲೆಯದ್ದರ ಹಾಗೆ ಉರಿದು ಮುಗಿಯುವುದಲ್ಲವಂತೆ. ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಲೆಕ್ಕ. ನನ್ನ ಹೆಂಡತಿಯ ಹತ್ತಿರ ಸೋಪಿನ ನೊರೆ ತರಿಸಿ ಹೊರಗಿನ ಯೂನಿಟ್ಟಿನ ನಟ್ಟಿಗೆ ಹಚ್ಚಿದರು. ಸಾಸಿವೆಯಷ್ಟು ಗುಳ್ಳೆ ಬಂತು. ಒಡೆಯಿತು. ಇನ್ನೊಂದು ಬಂತು. ನನ್ನ 2,500 ರೂಪಾಯಿ ಹೀಗೆ ಗುಳ್ಳೆ ಗುಳ್ಳೆಯಾಗಿ ಹೋದ ದಾರಿಯನ್ನು ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಅವರು ತಾಮ್ರದ ಕೊಳವೆಯ ತುದಿ ಕತ್ತರಿಸಿ, ಹೊಸದಾಗಿ ಬಾಯಿ ಅಗಲಿಸಿ, ಬಿಗಿದು, ಗ್ಯಾಸನ್ನು ತೂಕ ಮಾಡಿ ತುಂಬಿದರು. ಎಷ್ಟು ಗ್ರಾಂ ಬೇಕೆಂದು ಯೂನಿಟ್ಟಿನ ಮೇಲೆಯೇ ಬರೆದಿತ್ತು. ಕನ್ನಡಕ ಹಾಕಿ ನಾನೂ ಓದಿದೆ.

ಇನ್ನು ತೊಟ್ಟಿಕ್ಕುವ ಕಥೆ. ಚಳಿಗಾಲದಲ್ಲಿ ಏಸಿ ಬಂದ್ ಇದ್ದಾಗ, ನೀರು ಹೋಗುವ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಎಂಥ ನುಣುಪು! ಒಂದು ಹನಿ ಆಚೆ ಹೋಗದಂಥ ಕೆಲಸ. ನಮ್ಮ ತಾರಸಿ ಕಟ್ಟಿದವರ ನೆನಪಾಗಿ ಹೊಟ್ಟೆ ಉರಿಯಿತು.

ರಾತ್ರಿ ಮತ್ತೆ ಫೋನು. "ಈ ಸಲ ಗಾಡಿ ಮೇಲೆ ನಂಬರ್ ಇತ್ತಾ ಮಾವ?"

"ಇತ್ತು ಮಾರಾಯ," ಎಂದೆ. "ಕೆಎಲ್ 14ರಿಂದ ಶುರು."