ಬೆನ್ನ ಮೇಲೆ ದಿವಂಗತರು

ನಿನ್ನೆ ಸಂಜೆ ಹೊಸ ಬಸ್ ಸ್ಟಾಪಿನ ಸೀಟಿನಲ್ಲಿ ಕೂತೆ. ಕೂತೆ ಅನ್ನುವುದು ಸುಳ್ಳು. ಮೂರು ಸ್ಟೀಲ್ ಪೈಪುಗಳನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ಇಟ್ಟಿದ್ದಾರೆ. ಎರಡೂ ಕಾಲನ್ನು ಗಟ್ಟಿಯಾಗಿ ನೆಲಕ್ಕೆ ಒತ್ತಿ ಹಿಡಿದರೆ ಮಾತ್ರ ಅದರ ಮೇಲೆ ಉಳಿಯಬಹುದು. ಅಂದರೆ ನಿಂತುಕೊಂಡೇ ಕೂರಬೇಕು. ಕೈಯಲ್ಲಿ ಒಂದು ಕೆಜಿ ಬಂಗುಡೆ ಬೇರೆ. ಒಮ್ಮೆ ಮೀನು ಜಾರುತ್ತದೆ, ಒಮ್ಮೆ ನಾನು. ಪಕ್ಕದಲ್ಲಿ ನೆಲಕ್ಕೆ ಪೇಪರ್ ಹಾಸಿ ಕೂತಿದ್ದ ಅಜ್ಜಿ, "ಅದು ಕೂತ್ಕೊಳ್ಳಿಕ್ಕೆ ಅಲ್ಲ ಮಗಾ, ನೋಡ್ಲಿಕ್ಕೆ ಇಟ್ಟದ್ದು" ಎಂದರು.

ಯಾರೂ ಮಲಗಬಾರದೆಂದು ಹೀಗೆ ಮಾಡಿದ್ದಂತೆ. ಮಲಗುವವನು ಎದುರಿನ ಅಂಗಡಿ ಜಗಲಿಯಲ್ಲಿ ಆರಾಮವಾಗಿ ಮಲಗಿದ್ದ. ಸಿಕ್ಕಿಬಿದ್ದವರು ನಾವು, ಸುಮ್ನೆ ಕೂರುವವರು. ಹೋಟೆಲಿನಲ್ಲಿ ಕೂತರೆ ಕಾಫಿ ಮುಗಿದ ಕೂಡಲೇ ಬಿಲ್ಲು ಬರುತ್ತದೆ. ದುಡ್ಡು ಕೊಡದೆ, ಕಾರಣ ಹೇಳದೆ ಕೂರಲಿಕ್ಕೆ ಇರುವುದು ಬೆಂಚು ಒಂದೇ ಅಲ್ವಾ?

ಬಾವುಟಗುಡ್ಡೆಗೆ ಹೋಗಬಹುದು. ಅಲ್ಲಿಂದ ಸಮುದ್ರ ಕಾಣುತ್ತದೆ, ಫ್ಲಾಟುಗಳು ಬಿಟ್ಟುಕೊಟ್ಟಷ್ಟು. 1837ರ ರೈತ ದಂಗೆಯಲ್ಲಿ ಬ್ರಿಟಿಷರ ಬಾವುಟ ಇಳಿಸಿ, ಮಂಗಳೂರನ್ನು 13 ದಿನ ಹಿಡಿದಿಟ್ಟುಕೊಂಡರಲ್ಲ, ಅದೇ ಗುಡ್ಡೆ. ನನಗೆ ಅಲ್ಲಿ ಬೆಂಚಿನ ಒಂದು ಮೂಲೆಯನ್ನು 13 ನಿಮಿಷ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಒಂದು ಜೋಡಿ ಬಂದು ಎದುರಿಗೆ ನಿಂತು ಸುಮ್ನೆ ಮೊಬೈಲ್ ನೋಡಿದರೂ ಸಾಕು, ನಾನೇ ಎದ್ದುಬಿಡುತ್ತೇನೆ.

ಹಾಗಾಗಿ ನನ್ನದು ಮನೆ ಹತ್ತಿರದ ಪಾರ್ಕಿನ ಸಿಮೆಂಟ್ ಬೆಂಚು. ಒರಗುವ ಕಡೆ ನೀಲಿ ಅಕ್ಷರದಲ್ಲಿ 'ದಿವಂಗತ' ಎಂದು ಶುರುವಾಗಿ, ಒಬ್ಬರ ಹೆಸರು ಬಂದು, 'ಸ್ಮರಣಾರ್ಥ' ಎಂದು ಮುಗಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು, ಅಕ್ಷರ ಎಷ್ಟು ದಿನ ಉಳಿದೀತು? ಮಳೆ ಬಿಟ್ಟ ಮೇಲೆ ಯಾರೋ ಬಂದು ಪಾಚಿ ಉಜ್ಜಿ ಹೊಸದಾಗಿ ಬರೆಸುತ್ತಿದ್ದರು. ಬರೆಸಿದ ದಿನ ಒಂದು ಬೋರ್ಡು ಹಾಕಬಾರದಾ?

ಅವತ್ತು ಮದುವೆಗೆ ಹೊರಟಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಂಡತಿಗೆ ಸೀರೆಯ ನೆರಿಗೆ ಇನ್ನೂ ಸರಿಯಾಗಿರಲಿಲ್ಲ. ಐದು ನಿಮಿಷ ಬೆಂಚಿಗೆ ಒರಗಿ ಕೂತೆ. ಹಾಲ್‌ನಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ನನ್ನ ಬೆನ್ನನ್ನೇ ಕತ್ತು ಓರೆ ಮಾಡಿ ಓದಲು ನೋಡುತ್ತಿದ್ದ. ಅಕ್ಷರ ಎಲ್ಲ ಉಲ್ಟಾ, ಪಾಪ. ಅಂಗಿಯಲ್ಲಿ ಏನೋ ಡಿಸೈನ್ ಎಂದು ದೊಡ್ಡವರೂ ಸುಮ್ಮನಿದ್ದರು. ಊಟ ಮುಗಿಯಿತು. ಕೈ ತೊಳೆದು, ಬೇಸಿನ್ನಿಗೆ ಬೆನ್ನು ಹಾಕಿ ನಿಂತು, ಪಾಯಸಕ್ಕೆ ಸಿಹಿ ಜಾಸ್ತಿ ಆಯಿತೆಂದು ಯಾರಿಗೋ ಹೇಳುತ್ತಿದ್ದೆ. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಭಾವ ತಲೆ ಎತ್ತಿ ಕನ್ನಡಿ ನೋಡಿದರು. ಕನ್ನಡಿಯಲ್ಲಿ ಎಲ್ಲ ನೇರ. ನನ್ನ ಬೆನ್ನ ಮೇಲೆ, ಕಾಗುಣಿತ ತಪ್ಪಿಲ್ಲದೆ, 'ದಿವಂಗತ'.

"ಎಂತ ಸಾವು ಭಾವ ಇದು!"

ನಮ್ಮೂರಲ್ಲಿ ಬಸ್ಸು ತಪ್ಪಿದರೂ ಹೇಳುವ ಮಾತದು. ಅವತ್ತೊಂದು ದಿನ ಮಾತ್ರ ಸರಿಯಾಗಿ ಕೂತಿತು. ಬಣ್ಣ ಹೋಗಲಿಲ್ಲ. ಆ ಅಂಗಿ ಈಗ ಸ್ಕೂಟರ್ ಒರೆಸಲಿಕ್ಕೆ ಉಂಟು.

ಈ ಸಲ ಮಳೆ ಬಿಟ್ಟು ತಿಂಗಳು ಎರಡಾಯಿತು. ಯಾರೂ ಬಂದು ಬರೆಸಿಲ್ಲ. ಹೆಸರಿನ ಮೇಲೆ ಪಾಚಿ ಒಣಗಿ ಕಪ್ಪಾಗಿದೆ, ಕೊನೆಯ 'ರ್ಥ' ಮಾತ್ರ ಕಾಣುತ್ತದೆ. ಬರೆಸುತ್ತಿದ್ದವರು ಊರು ಬಿಟ್ಟರೋ, ಅವರಿಗೇ ಈಗ ಒಂದು ಬೆಂಚು ಬೇಕಾಯಿತೋ. ಒರಗುವ ಮೊದಲು ನಾನು ಈಗಲೂ ಒಂದು ಬೆರಳು ಇಟ್ಟು ನೋಡುತ್ತೇನೆ. ಒಣಗಿಯೇ ಇರುತ್ತದೆ.