ಮೇನ್ ಆಫ್ ಮಾಡಿದ ಮೇಲೂ

“ಯಜಮಾನ್ರು ಇಲ್ವಾ ಮೇಡಂ?”

ಎಲೆಕ್ಟ್ರಿಷಿಯನ್ ಯಾರೇ ಬರಲಿ, ಬಾಗಿಲಲ್ಲಿ ನಿಂತು ಕೇಳೋ ಮೊದಲ ಮಾತು ಇದೇ. ನಮ್ಮ ಯಜಮಾನರು ಕೆಲಸದ ಮೇಲೆ ಬೆಂಗಳೂರಲ್ಲಿರ್ತಾರೆ. ಶನಿವಾರ ರಾತ್ರಿ ಶಿವಮೊಗ್ಗಕ್ಕೆ ಬಂದಿಳಿದರೂ ಡಿಬಿ ಬಾಕ್ಸ್ (ಮನೆಯ ಲೈನುಗಳೆಲ್ಲ ಕವಲೊಡೆಯೋ ಪೆಟ್ಟಿಗೆ) ಯಾವ ಗೋಡೆ ಮೇಲಿದೆ ಅಂತ ನನ್ನನ್ನೇ ಕೇಳ್ತಾರೆ. ಅದಿರಲಿ. ನನಗೆ ಅದಕ್ಕಿಂತ ಬೇಸರ ತರಿಸಿದ್ದು “ಸಂಜೆ ಬರ್ತೀನಿ ಮೇಡಂ” ಅನ್ನೋ ಮಾತು. ಒಂದು ಸ್ವಿಚ್ಚು ಬದಲಾಯಿಸೋಕೆ ನಾಲ್ಕು ಸಂಜೆ ಕಾದಿದ್ದೀನಿ. ಅವರನ್ನೂ ಬೈಯೋ ಹಾಗಿಲ್ಲ ಬಿಡಿ, ಒಂದು ಸ್ವಿಚ್ಚಿಗೆ ಪೆಟ್ರೋಲ್ ಸುಟ್ಟುಕೊಂಡು ಬಂದರೆ ಅವರಿಗೇನು ಗಿಟ್ಟುತ್ತೆ?

ಹಾಗಾಗಿ ನಾನೇ ಕಲಿತೆ. ಟೆಸ್ಟರ್, ಕಟಿಂಗ್ ಪ್ಲೇಯರ್, ಒಂದು ಸುತ್ತು ಟೇಪು ತಂದಿಟ್ಟುಕೊಂಡೆ. ಹಳೇ ಟ್ಯೂಬ್‌ಲೈಟ್ ಇಳಿಸಿ ಎಲ್‌ಇಡಿ ಹಾಕಿದೆ. ನಡುಮನೆ ಫ್ಯಾನು ಐದರಲ್ಲಿಟ್ಟರೂ ಊಟ ಮಾಡಿ ಮಲಗಿದವರ ಹಾಗೆ ತಿರುಗ್ತಿತ್ತು. ಅಂಗಡಿಯಿಂದ 80 ರೂಪಾಯಿಗೆ ಎರಡೂವರೆ ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ತಂದು ಹಾಕಿದೆ, ಗೋಡೆ ಮೇಲಿನ ಕ್ಯಾಲೆಂಡರ್ ಪಟಪಟ ಬಡಿದುಕೊಳ್ಳೋಕೆ ಶುರುವಾಯ್ತು. ಆ ದಿನ ನಾನು ನೆಲದ ಮೇಲೆ ನಡೆದಿಲ್ಲ.

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿ “ವಿಡಿಯೋ ನೋಡಿದೀನಿ ಕಣೇ, ಗೀಸರ್ ಪಾಯಿಂಟ್ ನಾನೇ ಹಾಕ್ಕೊಂಡ್ಬಿಡ್ಲಾ?” ಅಂದಳು. ಬೇಡ ಅಂದೆ. “ನೀನ್ ಮಾತ್ರ ಮಾಡ್ಬಹುದಾ?” ಅಂದಳು. ಕುಕ್ಕರ್ ಕೂಗ್ತಿತ್ತು, ಫೋನ್ ಇಟ್ಟೆ. ಅವಳಿಗೆ ಉತ್ತರ ಇದು.

ಎರಡು ವರ್ಷದ ಹಿಂದೆ ರೂಮಿನ ಲೈಟಿನ ಸ್ವಿಚ್ಚು ಸಡಿಲ ಆಗಿತ್ತು. ಜಾಣೆಯ ಹಾಗೆ ಮೊದಲು ಹೋಗಿ ಮೇನ್ ಆಫ್ ಮಾಡಿದೆ. ಬೋರ್ಡಿನ ಸ್ಕ್ರೂ ಬಿಚ್ಚಿದೆ, ಪ್ಲೇಟು ಹೊರಗೆಳೆದೆ, ಕೆಂಪು ವೈರಿಗೆ ಬೆರಳು ತಾಗಿದ್ದೇ ತಡ, ಮೊಣಕೈಗೆ ಒನಕೆಯಲ್ಲಿ ಹೊಡೆದ ಹಾಗಾಯ್ತು. ಸ್ಕ್ರೂಡ್ರೈವರ್ ಹಾರಿ ಮಂಚದ ಕೆಳಗೆ ಬಿತ್ತು. ನಡುಗ್ತಾ ಹೋಗಿ ನೋಡಿದರೆ ಮೇನ್ ಆಫ್ ಆಗೇ ಇದೆ. ಟೆಸ್ಟರ್ ಅಡುಗೆಮನೆ ಡ್ರಾಯರ್‌ನಲ್ಲಿತ್ತು. ಮೇನ್ ಆಫ್ ಮಾಡಿದ್ದೀನಲ್ಲ, ಅದ್ಯಾಕೆ ಅಂತ ತಂದೇ ಇರಲಿಲ್ಲ.

ಆಮೇಲೆ ಹೊಳೀತು. ಆ ಲೈಟು ಯುಪಿಎಸ್ ಲೈನಿನದ್ದು. ನಾನು ಮೇನ್ ಇಳಿಸಿದರೆ ಯುಪಿಎಸ್ ಲೆಕ್ಕದಲ್ಲಿ ಕರೆಂಟು ಹೋಯ್ತು ಅಂತ. ಕರೆಂಟು ಹೋದಾಗ ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಕಳಿಸೋದು ತಾನೇ ಅದರ ಕೆಲಸ? ನಿಷ್ಠೆಯಿಂದ ಮಾಡಿತು, ಪಾಪ. ಅದನ್ನ ಎಬ್ಬಿಸಿದವಳೇ ನಾನು! ನಾನು ನೋಡಿದ್ದ ವಿಡಿಯೋಗಳೆಲ್ಲ ಪರದೇಶದವು, ಮೇನ್ ಆಫ್ ಮಾಡಿ ಅನ್ನೋದಿತ್ತು, ಯುಪಿಎಸ್ ಸುದ್ದಿಯೇ ಇರಲಿಲ್ಲ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗೋ ಮಲೆನಾಡಿನ ಅಂಚಲ್ಲಿ ಕೂತು ಆ ವಿಡಿಯೋ ನಂಬಿದ್ದೆ.

ಸರಿ, ಇನ್ನು ಎಲ್ಲದಕ್ಕೂ ಜನ ಕರೆಸೋದೇ ಅಂತ ತೀರ್ಮಾನ ಮಾಡಿದೆ. ದುಡ್ಡು ಕೊಟ್ಟರೆ ಚಿಂತೆ ತಪ್ಪುತ್ತೆ ಅನ್ನೋ ಭ್ರಮೆ ಅದು.

ಬಚ್ಚಲಿಗೆ ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ತಂದಿದ್ದೆವು. ಒಬ್ಬ ಹುಡುಗ ಬಂದ. ಇಪ್ಪತ್ತು ನಿಮಿಷದಲ್ಲಿ ಬಚ್ಚಲ ಲೈಟಿನ ಲೈನಿಂದಲೇ ಎಳೆದು ದೊಡ್ಡ ಪ್ಲಗ್ ಪಾಯಿಂಟ್ ಕೂರಿಸಿ, ದುಡ್ಡು ತಗೊಂಡು ಹೋದ. ಗೀಸರ್ ಹಾಕಿ ಒಂದೆರಡು ನಿಮಿಷಕ್ಕೆ ಎಂಸಿಬಿ, ಅಂದರೆ ಕರೆಂಟು ಅಳತೆ ಮೀರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಬೀಳ್ತಿತ್ತು. ಮತ್ತೆ ಕರೆಸಿದೆ. 6 ಆಂಪ್‌ನದ್ದು ಕಿತ್ತು 32 ಆಂಪ್‌ನದ್ದು ಹಾಕಿ “ಇನ್ಮೇಲೆ ಬೀಳಲ್ಲ ಮೇಡಂ” ಅಂದ. ಆ ಮಾತು ಮಾತ್ರ ನಿಜವಾಯ್ತು. ಮೂರು ವಾರಕ್ಕೆ ಸ್ನಾನದ ಹೊತ್ತಲ್ಲಿ ಪ್ಲಾಸ್ಟಿಕ್ ಕೊಡ ಕರಗಿದ ವಾಸನೆ. ಬೋರ್ಡಿನ ಪ್ಲೇಟಿನ ಒಂದು ಮೂಲೆ ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು.

ಲೆಕ್ಕ ಏನೂ ಕಷ್ಟದ್ದಲ್ಲ. 3000 ವ್ಯಾಟನ್ನು 230ರಿಂದ ಭಾಗಿಸಿದರೆ 13 ಆಂಪ್. ನಮ್ಮ ಹಳೇ ಮನೆಯ ಲೈಟಿನ ವೈರು ಒಂದು ಚದರ ಮಿಲಿಮೀಟರಿನದ್ದು, ಬಲ್ಬು ಫ್ಯಾನಿಗೆ ಎಳೆದದ್ದು. ಗೀಸರಿಗೆ ಡಿಬಿಯಿಂದಲೇ ಬೇರೆ ಲೈನು ಬೇಕು, ಸಾಮಾನ್ಯವಾಗಿ 4 ಚದರ ಮಿಲಿಮೀಟರಿನದ್ದು ಹಾಕ್ತಾರೆ. ಎಂಸಿಬಿ ಬಿದ್ದಾಗ ಅದು ಕೆಟ್ಟಿದೆ ಅಂತಲ್ಲ, ‘ವೈರು ಸುಡ್ತಿದೆ, ನೋಡ್ರೋ’ ಅಂತ ಕೂಗ್ತಿದೆ. ಆ ಹುಡುಗ ಕೂಗೋ ಬಾಯಿಗೆ ಬಟ್ಟೆ ತುರುಕಿದ. ಹಿಂದೆ ಫ್ಯೂಸ್ ಪದೇ ಪದೇ ಹೋದರೆ ನಾಲ್ಕು ಎಳೆ ತಾಮ್ರದ ತಂತಿ ಸುತ್ತಿ ಹಾಕ್ತಿದ್ದರಲ್ಲ, ಅದೇ ಕೆಲಸ, ಹೊಸ ಸಾಮಾನಿನಲ್ಲಿ.

ಅದನ್ನ ಸರಿ ಮಾಡೋಕೆ ಬಂದವರು ಪಕ್ಕದ ಬೀದಿಯ ಮನೆಯವರು ಕಳಿಸಿದ ವಯಸ್ಸಾದ ಮೇಸ್ತ್ರಿ. ಯಜಮಾನರ ವಿಷಯ ಕೇಳಲಿಲ್ಲ, “ಯುಪಿಎಸ್ ಇದೆಯೇನಮ್ಮಾ?” ಅಂದರು. ನಾನು ಅಲ್ಲೇ ಅರ್ಧ ಒಲಿದುಬಿಟ್ಟೆ. ಮುಟ್ಟೋ ಮುಂಚೆ ಟೆಸ್ಟರನ್ನು ಕರೆಂಟಿರೋ ಪ್ಲಗ್ಗಲ್ಲಿ ಹಾಕಿ ಅದು ಹತ್ತುತ್ತಾ ನೋಡಿದರು, ಆಮೇಲೆ ಆಫ್ ಮಾಡಿದ ಕಡೆ ಹಾಕಿದರು. ಕೆಟ್ಟ ಟೆಸ್ಟರ್ ಎಲ್ಲಿಟ್ಟರೂ ‘ಕರೆಂಟಿಲ್ಲ’ ಅಂತಲೇ ಹೇಳುತ್ತಲ್ಲ! ಇಷ್ಟು ವರ್ಷ ನನಗದು ತಲೆಗೆ ಹೋಗಿರಲಿಲ್ಲ.

ಚೀಲದಿಂದ ಒಂದು ಹೋಲ್ಡರ್ ತೆಗೆದರು, ಅದರಲ್ಲಿ 60 ವ್ಯಾಟಿನ ಹಳೇ ಬುರುಡೆ ಬಲ್ಬು, ಎರಡು ತುಂಡು ವೈರು. “ಫ್ರಿಜ್ಜು, ವಾಷಿಂಗ್ ಮಷಿನ್ನು ಯಾರೂ ಮುಟ್ಟಬೇಡಿ” ಅಂತ ಎಲ್ಲರನ್ನೂ ದೂರ ನಿಲ್ಲಿಸಿ, ಫೇಸಿಗೂ (ಕರೆಂಟು ಬರೋ ವೈರು) ನ್ಯೂಟ್ರಲಿಗೂ (ವಾಪಸ್ ಹೋಗೋ ವೈರು) ಕೊಟ್ಟರು, ಬಲ್ಬು ಚೆನ್ನಾಗಿ ಉರೀತು. ಫೇಸಿಗೂ ಅರ್ತಿಗೂ (ಸೋರಿದ ಕರೆಂಟನ್ನು ಮಣ್ಣಿಗಿಳಿಸೋ ವೈರು, ಮೂರನೇ ಪಿನ್ನಿನದ್ದು) ಕೊಟ್ಟರು, ಒಳಗಿನ ತಂತಿ ಕೆಂಪಗೆ ಮಿಣುಕಿ ಸುಮ್ಮನಾಯ್ತು. “ನಿಮ್ಮ ಮನೇಲಿ ಮೂರನೇ ಪಿನ್ನು ಬರೀ ಶೋಕಿಗಮ್ಮಾ” ಅಂದರು. ದಯವಿಟ್ಟು ಇದನ್ನು ನೀವು ಮಾಡಿ ನೋಡಬೇಡಿ. ಅರ್ತ್ ಕೆಟ್ಟಿದ್ದರೆ ಆ ಗಳಿಗೆಯಲ್ಲಿ ಅದಕ್ಕೆ ಸೇರಿದ ಸಾಮಾನಿನ ಮೈಗೆಲ್ಲ ಕರೆಂಟು ಹರಿಯುತ್ತೆ. ಅವರು ಫ್ರಿಜ್ಜಿನಿಂದ ದೂರ ನಿಲ್ಲಿಸಿದ್ದು ಅದಕ್ಕೆ.

ಎಂಸಿಬಿ ಇದ್ದರೆ ಸಾಕಲ್ವಾ ಅಂದೆ. “ಎಂಸಿಬಿ ವೈರು ಕಾಯುತ್ತೆ, ನಿಮ್ಮನ್ನ ಅಲ್ಲ” ಅಂದರು. ಮನುಷ್ಯನ ಜೀವ ತೆಗೆಯೋ ಕರೆಂಟು ಎಂಸಿಬಿ ಬೀಳಿಸೋಕೆ ಏನೇನೂ ಸಾಲದು. ಅದಕ್ಕೆ ಆರ್‌ಸಿಸಿಬಿ ಬೇಕು. ಹೋದ ಕರೆಂಟು ವಾಪಸ್ ಬಂತಾ ಅಂತ ಅಳೀತಾನೇ ಇರುತ್ತೆ, 30 ಮಿಲಿಆಂಪ್‌ನಷ್ಟು ದಾರಿ ತಪ್ಪಿದರೂ ತಟ್ಟನೆ ಕಡಿಯುತ್ತೆ. ಮನೆ ತೋರಿಸೋಕೆ ಗ್ರಾನೈಟಿಗೆ ಲಕ್ಷ ಸುರಿಯೋ ನಾವು ಈ ಡಬ್ಬಿ ಹೆಸರು ಕೇಳಿರಲ್ಲ. ತರಿಸಿ ಹಾಕಿಸಿದೆ, ಹಾಕಿದ ಕೂಡಲೇ ಬಿತ್ತು. ಎತ್ತಿದರೆ ಬೀಳುತ್ತೆ, ಎತ್ತಿದರೆ ಬೀಳುತ್ತೆ. ಯುಪಿಎಸ್ ಕೂರಿಸಿದವರು ಅದರ ನ್ಯೂಟ್ರಲನ್ನು ಸಿಕ್ಕ ನ್ಯೂಟ್ರಲಿಗೆ ಸೇರಿಸಿ ಟೇಪು ಸುತ್ತಿದ್ದರಂತೆ, ಹೋದ ಕರೆಂಟು ಬೇರೆ ದಾರಿಯಲ್ಲಿ ವಾಪಸ್ ಹೋಗಿ ಲೆಕ್ಕ ತಪ್ಪುತ್ತಿತ್ತು. ಎಷ್ಟೋ ಜನ ಇಂಥ ಹೊತ್ತಲ್ಲಿ ಆರ್‌ಸಿಸಿಬಿಯನ್ನೇ ತಪ್ಪಿಸಿ ಲೈನು ಕೊಟ್ಟು ಹೋಗಿಬಿಡ್ತಾರೆ. ಇವರು ಊಟ ಮುಗಿಸಿ ಬಂದು, ಸಂಜೆ ಐದರವರೆಗೆ ಒಂದೊಂದೇ ಬೋರ್ಡು ಬಿಚ್ಚಿ ನ್ಯೂಟ್ರಲ್ ಬೇರ್ಪಡಿಸಿದರು. ಅವತ್ತಿನ ಕೂಲಿ ಕೊಡುವಾಗ ನನಗೆ ಒಂದು ರೂಪಾಯಿಯೂ ಹೊಟ್ಟೆ ಉರಿಯಲಿಲ್ಲ.

ಈಗ ಗೆಳತಿಯ ಪ್ರಶ್ನೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದನ್ನ 1956ರ ವಿದ್ಯುತ್ ನಿಯಮಗಳ 45ನೇ ನಿಯಮವೇ ಹೇಳಿತ್ತು, 2010ರಲ್ಲಿ, ಆಮೇಲೆ 2023ರಲ್ಲಿ ಬಂದ ಸುರಕ್ಷತಾ ನಿಯಮಗಳಲ್ಲೂ ಅದೇ ಉಳೀತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸೋದು ಬಿಟ್ಟು, ಮಿಕ್ಕದ್ದೆಲ್ಲ ಲೈಸೆನ್ಸ್ ಇರೋ ಗುತ್ತಿಗೆದಾರರ ಕೆಲಸ. ನಮ್ಮಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಆ ಲೈಸೆನ್ಸ್ ಕೊಡುತ್ತೆ. ನನ್ನ ಭಾಷೆಯಲ್ಲಿ ಹೇಳೋದಾದರೆ, ಇದ್ದ ಜಾಗಕ್ಕೆ ಇದ್ದಂಥದ್ದೇ ಹಾಕೋದಾದರೆ ನೀನೇ ಹಾಕು, ಮೇನೂ ಯುಪಿಎಸ್ಸೂ ಎರಡೂ ಆಫ್ ಮಾಡಿ, ಟೆಸ್ಟರ್ ಹಾಕಿ ನೋಡಿಕೊಂಡು. ಹೊಸ ಪಾಯಿಂಟು, ಹೊಸ ಲೋಡು, ನೀರು ಬೀಳೋ ಜಾಗ, ಡಿಬಿ ಒಳಗೆ, ಇವಕ್ಕೆ ಕೈ ಹಾಕಬೇಡ. ಮೀಟರಿನಿಂದ ಕಂಬದವರೆಗಿನದ್ದು ಎಲೆಕ್ಟ್ರಿಷಿಯನ್ ಕೂಡ ಮುಟ್ಟೋ ಹಾಗಿಲ್ಲ, 1912ಕ್ಕೆ ಫೋನ್ ಮಾಡು, ನಮ್ಮ ಕಡೆ ಕರೆಂಟು ಕೊಡೋ ಮೆಸ್ಕಾಂನವರು ಬರ್ತಾರೆ. ಪ್ಲಗ್ಗಿನ ಎರಡೂ ತೂತಲ್ಲಿ ಟೆಸ್ಟರ್ ಹತ್ತಿದರೆ ಎಲ್ಲೋ ನ್ಯೂಟ್ರಲ್ ಕಡಿದಿದೆ, ಅಲ್ಲಿಗೇ ಪ್ಲೇಯರ್ ಕೆಳಗಿಡು.

ಹಾಗಂತ ಕಲಿಯೋದು ಬಿಡಬೇಡ ಮಾರಾಯ್ತಿ. ಕಲಿಯದೇ ಇದ್ದಿದ್ದರೆ ಆ 32 ಆಂಪ್ ಹುಡುಗ ನನಗೆ ಇವತ್ತಿಗೂ ಒಳ್ಳೇ ಎಲೆಕ್ಟ್ರಿಷಿಯನ್ನೇ. ಕರೆಸಿದವರ ಹಿಂದೆ ನಿಂತು “ಯಾವ ಲೈನಿಂದ ಎಳೀತಿದ್ದೀಯಪ್ಪ? ವೈರು ಎಷ್ಟರದ್ದು?” ಅಂತ ಎರಡು ಪ್ರಶ್ನೆ ಹಾಕೋಕಾದರೂ ಬರಬೇಕು. ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನು ಆ ಮಿಣುಕಿದ ಬಲ್ಬಿನ ವಿಷಯ. ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಮೇಸ್ತ್ರಿ ಕೇಳಿದಾಗ ನನಗೆ ನೆನಪಾದದ್ದು ನಮ್ಮತ್ತೆ. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿ, ಉಳಿದ ಅರ್ಧ ಬಕೆಟ್ಟನ್ನ ಮನೆ ಪಕ್ಕದ ಒಂದು ಪೈಪಿನೊಳಗೆ ಸುರೀತಿದ್ದರು. ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದ ಆ ಗುಂಡಿ ಒಣಗಬಾರದು ಅಂತ ಮನೆ ಕಟ್ಟಿದ ಕಾಲದಲ್ಲಿ ಯಾರೋ ಹೇಳಿದ್ದರಂತೆ. ಅತ್ತೆ ಹೋದ ಮೇಲೆ ಯಾರೂ ನೀರು ಹಾಕಲಿಲ್ಲ. ಹೋದ ವರ್ಷ ಕಾರು ನಿಲ್ಲಿಸೋಕೆ ಅಂತ ಯಜಮಾನರೇ ಮುಂದೆ ನಿಂತು ಅದರ ಮೇಲೆ ಪಾರ್ಕಿಂಗ್ ಟೈಲ್ಸ್ ಹಾಕಿಸಿದರು, ಒಳ್ಳೇ ದುಬಾರಿ ಟೈಲ್ಸ್. ಮೇಸ್ತ್ರಿ ಗುರುವಾರ ಬರ್ತೀನಿ ಅಂದಿದ್ದಾರೆ, ಒಡೆಯೋಕೆ. ಯಜಮಾನರು ಬರೋದು ಶನಿವಾರ. ಅವರಿಗೆ ಇನ್ನೂ ಹೇಳಿಲ್ಲ.